ಕಾರಿರಲಿ, ಸೈಕಲ್ಲೂ ಬಾರದು: ‘ಲೆಟ್ ಅಲೋನ್’ ತಿಳಿಯುವ, ಬಳಸುವ ಕ್ರಮ

ಕೃಷ್ಣರಾಜಸಾಗರದ ಗರಿಷ್ಠ ಮಟ್ಟ 124.80 ಅಡಿ ಎಂಬುದು ಮಂಡ್ಯ, ಮೈಸೂರು ಭಾಗದಲ್ಲಿ ಶಾಲೆಯ ಮಕ್ಕಳಿಗೂ ಗೊತ್ತಿರುವ ಸಂಗತಿ. ಮಳೆ ಕೈಕೊಟ್ಟ ವರ್ಷದಲ್ಲಿ ಇಂಗ್ಲಿಷ್ ವರದಿಯೊಂದು ‘ದ ವಾಟರ್ ಹ್ಯಾಸ್ ನಾಟ್ ಟಚ್ಡ್ 100 ಫೀಟ್, ಲೆಟ್ ಅಲೋನ್ 124.80 ಫೀಟ್’ ಎಂದು ಬರೆದರೆ, ಅದರೊಳಗಿನ ಅಂಕಿಗಳೆರಡೂ ನಮಗೆ ಚಿರಪರಿಚಿತವಾಗಿದ್ದರೂ ನಡುವಿನ ‘ಲೆಟ್ ಅಲೋನ್’ ಬಳಿ ಬಂದಾಗ ಓದು ಮುಗ್ಗರಿಸುತ್ತದೆ. ನೂರು ಅಡಿ ಮುಟ್ಟಿಲ್ಲ ಎನ್ನುವುದು ಸರಿ, ಆದರೆ 124.80 ಅಡಿಯನ್ನು ‘ಒಂಟಿಯಾಗಿ ಬಿಟ್ಟವರು’ ಯಾರು, ಕೊನೆಗೆ ಕಟ್ಟೆ ತುಂಬಿದೆಯೋ ಇಲ್ಲವೋ ಎಂದು ಕೇಳುವ ಓದುಗರು ಒಬ್ಬಿಬ್ಬರಲ್ಲ. ಸ್ಪರ್ಧಾತ್ಮಕ ಪರೀಕ್ಷೆಗೆ ಕೂತವರು, ಕಚೇರಿಯಲ್ಲಿ ಇಂಗ್ಲಿಷ್ ಪತ್ರ ಬರೆಯಬೇಕಾದವರು, ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳಿಕೊಡುವವರು, ಎಲ್ಲರೂ ಕೇಳುವುದು ಎರಡೇ ಪ್ರಶ್ನೆ. ಇದರ ಅರ್ಥವೇನು ಎಂಬುದು ಮೊದಲನೆಯದು. ಅರ್ಥ ತಿಳಿದ ಮೇಲೂ ನಾನು ಬರೆದ ವಾಕ್ಯ ತಲೆಕೆಳಗಾಗಿದೆ ಎಂದು ತಿದ್ದುವವರು ಗೆರೆ ಎಳೆಯುವುದೇಕೆ ಎಂಬುದು ಎರಡನೆಯದು.

ಎರಡನೆಯ ಪ್ರಶ್ನೆಯೇ ದೊಡ್ಡದು. ಈ ನುಡಿಗಟ್ಟಿಗೆ ಸಮನಾದ ಮಾತು ಕನ್ನಡದಲ್ಲಿ ಇಲ್ಲವೆಂಬ ಕಾರಣಕ್ಕೆ ನಾವು ತಪ್ಪುತ್ತಿಲ್ಲ. ಸಮನಾದ ಮಾತು ದಿನಕ್ಕೆ ಹತ್ತು ಸಲ ನಮ್ಮ ಬಾಯಲ್ಲಿ ಬರುತ್ತದೆ ಎಂಬ ಕಾರಣಕ್ಕೇ ತಪ್ಪುತ್ತಿದ್ದೇವೆ. ಆ ಮಾತಿನ ಸರಣಿ ಇಂಗ್ಲಿಷಿನದಕ್ಕೆ ನೇರ ತಿರುವುಮುರುವು. ಇದನ್ನು ಮೂರನೆಯ ಹಂತದಲ್ಲಿ ನಿಧಾನವಾಗಿ ಬಿಡಿಸುತ್ತೇನೆ. ಅವಸರದಲ್ಲಿರುವವರು ಉಳಿದದ್ದನ್ನು ಬಿಟ್ಟರೂ ಆ ಹಂತವನ್ನು ಮಾತ್ರ ಬಿಡಬಾರದು.

ನಿಮಗೆ ಬೇಕಾದದ್ದು

ಒಂದು ನೋಟ್‌ಪುಸ್ತಕ, ಒಂದು ಪೆನ್ಸಿಲ್, ಮತ್ತು ವಾರಕ್ಕೆ ಎರಡು ಮೂರು ಇಂಗ್ಲಿಷ್ ಪತ್ರಿಕೆಗಳ ಸಂಪಾದಕೀಯ ಪುಟ. ಆ ಪುಟವೇ ಏಕೆಂದರೆ, ವಾದ ಮಾಡುವ ಬರಹದಲ್ಲಿ ಈ ನುಡಿಗಟ್ಟು ಹೆಚ್ಚಾಗಿ ಸಿಗುತ್ತದೆ. ಈ ಲೇಖನದಲ್ಲಿ ಇಂಗ್ಲಿಷ್ ವಾಕ್ಯಗಳನ್ನೂ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಓದುವಾಗ ಅವುಗಳನ್ನು ನೋಟ್‌ಪುಸ್ತಕದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಳ್ಳಿ. ಅರ್ಧ ಪಾಠ ಅಲ್ಲಿಯೇ ಆಗಿಹೋಗುತ್ತದೆ. ‘ಅಲೋನ್’ ಒಂದೇ ಪದ, ‘ಲೆಟ್’ ಬೇರೆ ಪದ; ಎರಡನ್ನೂ ಸೇರಿಸಿ ಬರೆಯುವಂತಿಲ್ಲ. ಆಡುವಾಗ ಎರಡೂ ಬೆರೆತು ‘ಲೆಟಲೋನ್’ ಎಂದೇ ಕೇಳಿಸುವುದರಿಂದ, ಬ್ಯಾಂಕ್ ಪರೀಕ್ಷೆಯ ತಯಾರಿಯಲ್ಲಿ ಮುಳುಗಿದ್ದ ಒಬ್ಬರು ಅದನ್ನು ‘ಲೆಟ್ ಎ ಲೋನ್’ ಎಂದು ಬರೆದು ತಂದಿದ್ದರು. ಕಿವಿಗೆ ಎರಡೂ ಒಂದೇ ಆದ್ದರಿಂದ ಅವರನ್ನು ದೂರುವಂತಿರಲಿಲ್ಲ.

ಹಂತ 1: ಬಿಡಿಬಿಡಿಯಾಗಿ ಅರ್ಥ ಹುಡುಕುವುದನ್ನು ನಿಲ್ಲಿಸಿ

‘ಲೆಟ್’ ಎಂದರೆ ಬಿಡು, ‘ಅಲೋನ್’ ಎಂದರೆ ಒಂಟಿಯಾಗಿ. ಎರಡನ್ನೂ ಕೂಡಿಸಿದರೆ ‘ಒಂಟಿಯಾಗಿ ಬಿಡು’ ಎಂದಾಗುತ್ತದೆ, ಮತ್ತು ಆ ಅರ್ಥದಲ್ಲೂ ಈ ಪದಗಳ ಬಳಕೆ ಇದೆ. ‘ಲೆಟ್ ಹಿಮ್ ಅಲೋನ್’ ಎಂದರೆ ‘ಅವನನ್ನು ಅವನ ಪಾಡಿಗೆ ಬಿಡು’ ಎಂದೇ ಅರ್ಥ. ಇಲ್ಲಿ ‘ಲೆಟ್’ ಮತ್ತು ‘ಅಲೋನ್’ಗಳ ನಡುವೆ ‘ಹಿಮ್’ ಎಂಬ ಇನ್ನೊಂದು ಪದ ಕೂತಿದೆ ಎಂಬುದನ್ನು ಗಮನಿಸಿ. ನಡುವೆ ಹಾಗೆ ಯಾರಾದರೂ, ಏನಾದರೂ ಕೂತಿದ್ದರೆ ಅದು ನಮ್ಮ ನುಡಿಗಟ್ಟಲ್ಲ. ಎರಡೂ ಅಂಟಿಕೊಂಡು ಬಂದು, ಅದಕ್ಕೆ ಮೊದಲು ‘ಇಲ್ಲ’ ಎಂಬರ್ಥದ ಮಾತೊಂದು ಬಂದಿದ್ದರೆ ಅದು ನಮ್ಮದು.

ಆಗ ಅದರ ಅರ್ಥ ‘ಅದರ ಮಾತು ಹಾಗಿರಲಿ’. ಒಂದು ಸಣ್ಣ ಸಂಗತಿಯೇ ನಡೆಯಲಿಲ್ಲ, ಅದಕ್ಕಿಂತ ದೊಡ್ಡದನ್ನು ಎತ್ತುವ ಅಗತ್ಯವೇ ಇಲ್ಲ, ಅದನ್ನು ಅದರ ಪಾಡಿಗೆ ಬಿಡೋಣ ಎಂಬ ಧಾಟಿ. ನಮ್ಮಲ್ಲೂ ಇದೇ ಕೆಲಸಕ್ಕೆ ‘ಇರಲಿ’, ‘ಹಾಗಿರಲಿ’, ‘ಬಿಡಿ’, ‘ಒತ್ತಟ್ಟಿಗಿರಲಿ’ ಎನ್ನುತ್ತೇವೆ. ಮಂಡ್ಯದ ಕಡೆಯ ಮಾತಿನಲ್ಲಿ ‘ಅತ್ಲಾಗಿರ್ಲಿ’. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಭಾಷೆಗಳು ಒಂದು ವಸ್ತುವನ್ನು ಮಾತಿನಿಂದಲೇ ಪಕ್ಕಕ್ಕೆ ಸರಿಸಿಡುವ ಒಂದೇ ಉಪಾಯವನ್ನು ಕಂಡುಕೊಂಡಿರುವುದು ನನಗೆ ಯಾವಾಗಲೂ ಸೋಜಿಗವೆನಿಸುತ್ತದೆ.

ಪದಗಳ ಬಿಡಿ ಅರ್ಥದಿಂದ ಒಟ್ಟು ಅರ್ಥ ಹೊರಡದ ಇಂತಹ ಜೋಡಣೆಯನ್ನು ನುಡಿಗಟ್ಟು ಎನ್ನುತ್ತೇವೆ. ‘ಲೆಟ್ ಅಲೋನ್’ ಎಷ್ಟು ಸೂಕ್ಷ್ಮವಾದ ನುಡಿಗಟ್ಟು ಎಂದರೆ, ಚಾರ್ಲ್ಸ್ ಫಿಲ್ಮೋರ್, ಪಾಲ್ ಕೇ, ಮೇರಿ ಕ್ಯಾಥರೀನ್ ಓಕಾನರ್ ಎಂಬ ಮೂವರು ಭಾಷಾಶಾಸ್ತ್ರಜ್ಞರು 1988ರಲ್ಲಿ ಈ ಎರಡು ಪದಗಳನ್ನು ಹಿಡಿದು ಸುದೀರ್ಘ ಪ್ರಬಂಧವನ್ನೇ ಬರೆದರು. ನುಡಿಗಟ್ಟುಗಳಿಗೂ ತಮ್ಮದೇ ವ್ಯಾಕರಣವಿದೆ ಎಂದು ವಾದಿಸುವ ಭಾಷಾಶಾಸ್ತ್ರದ ಪಂಥವೊಂದಕ್ಕೆ ಅದು ಬುನಾದಿಯಾಯಿತು. ಆದ್ದರಿಂದ ಮೊದಲ ಓದಿಗೇ ಇದು ಕೈಗೆ ಸಿಗದಿದ್ದರೆ ಸಂಕೋಚಪಡಬೇಕಾಗಿಲ್ಲ.

ಹಂತ 2: ಎರಡು ಮೆಟ್ಟಿಲುಗಳನ್ನು ಗುರುತಿಸಿ

‘ಲೆಟ್ ಅಲೋನ್’ ಇರುವ ವಾಕ್ಯದಲ್ಲಿ ಯಾವಾಗಲೂ ಎರಡು ಸಂಗತಿಗಳ ಹೋಲಿಕೆ ಇರುತ್ತದೆ. ಒಂದು ಸುಲಭದ್ದು, ಇನ್ನೊಂದು ಕಷ್ಟದ್ದು. ಸುಲಭದ್ದನ್ನು ದಾಟದೆ ಕಷ್ಟದ್ದನ್ನು ಮುಟ್ಟಲಾಗದು. ಭಾಷಾಶಾಸ್ತ್ರದಲ್ಲಿ ಇದನ್ನು ‘ಸ್ಕೇಲ್’, ಅಂದರೆ ಶ್ರೇಣಿ ಎನ್ನುತ್ತಾರೆ. ನಾನು ಮೆಟ್ಟಿಲು ಎನ್ನುತ್ತೇನೆ. ಚಾಮುಂಡಿ ಬೆಟ್ಟವನ್ನು ಕಾಲ್ನಡಿಗೆಯಲ್ಲಿ ಹತ್ತಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಮೆಟ್ಟಿಲ ದಾರಿಯಲ್ಲಿ ಮೊದಲು ಸಿಗುವುದು ದೊಡ್ಡ ನಂದಿ, ದೇವಸ್ಥಾನ ಅದಕ್ಕಿಂತ ಮೇಲೆ. ನಂದಿಯವರೆಗೂ ಹತ್ತಲಾರದವನು ಆ ದಾರಿಯಲ್ಲಿ ದೇವಸ್ಥಾನಕ್ಕೆ ಹೋದ ಎಂದರೆ ಯಾರೂ ನಂಬುವುದಿಲ್ಲ. ‘ಐ ಕುಡ್ ನಾಟ್ ಕ್ಲೈಂಬ್ ಅಪ್ ಟು ದ ನಂದಿ, ಲೆಟ್ ಅಲೋನ್ ದ ಟೆಂಪಲ್.’ ಇಲ್ಲಿ ನಂದಿ ಕೆಳಗಿನ ಮೆಟ್ಟಿಲು, ದೇವಸ್ಥಾನ ಮೇಲಿನ ಮೆಟ್ಟಿಲು.

ನಿಯಮ ಇಷ್ಟೇ: ಇಂಗ್ಲಿಷಿನಲ್ಲಿ ಕೆಳಗಿನ ಮೆಟ್ಟಿಲು ಮೊದಲು ಬರುತ್ತದೆ, ‘ಲೆಟ್ ಅಲೋನ್’ ಆದ ಮೇಲೆ ಮೇಲಿನ ಮೆಟ್ಟಿಲು ಬರುತ್ತದೆ. ಕೆಳಗಿನದನ್ನೇ ಅಲ್ಲಗಳೆದ ಮೇಲೆ ಮೇಲಿನದು ತಾನಾಗಿ ಬಿದ್ದುಹೋಗುತ್ತದೆ, ಮತ್ತು ಆ ಬೀಳುವಿಕೆಯಿಂದಲೇ ‘ಇಲ್ಲ’ ಎಂಬ ಮಾತಿಗೆ ಬಲ ಬರುತ್ತದೆ. ‘ನಾನು ದೇವಸ್ಥಾನಕ್ಕೆ ಹೋಗಲಾಗಲಿಲ್ಲ’ ಎನ್ನುವುದಕ್ಕೂ ‘ನಂದಿಯನ್ನೂ ಮುಟ್ಟಲಾಗಲಿಲ್ಲ’ ಎನ್ನುವುದಕ್ಕೂ ಇರುವ ವ್ಯತ್ಯಾಸ ನಿಮ್ಮ ಕಿವಿಗೇ ತಿಳಿಯುತ್ತದೆ.

ಇಲ್ಲಿ ಎಚ್ಚರಿಕೆಯ ಮಾತೊಂದಿದೆ. ಸಣ್ಣ ಅಂಕಿ ಮೊದಲು, ದೊಡ್ಡ ಅಂಕಿ ಆಮೇಲೆ ಎಂದು ಕೆಲವು ಗೈಡುಗಳಲ್ಲಿ ಅಡ್ಡದಾರಿಯ ಸೂತ್ರವೊಂದು ಕಾಣುತ್ತದೆ. ದಯವಿಟ್ಟು ಅದನ್ನು ನೆಚ್ಚಿಕೊಳ್ಳಬೇಡಿ. ಮೈಸೂರಿನಲ್ಲಿ ಬಾಡಿಗೆ ಮನೆ ಹಿಡಿದು ನಾಲ್ವರ ಸಂಸಾರ ನಡೆಸುವವರೊಬ್ಬರು ‘ಹತ್ತು ಸಾವಿರ ಇರಲಿ, ಇಪ್ಪತ್ತು ಸಾವಿರದಲ್ಲೂ ತಿಂಗಳು ಸಾಗಿಸಲಾಗದು’ ಎನ್ನುತ್ತಾರೆ ಎಂದಿಟ್ಟುಕೊಳ್ಳಿ. ಇಪ್ಪತ್ತು ಸಾವಿರದಲ್ಲಿ ಬದುಕುವುದು ಹತ್ತು ಸಾವಿರದಲ್ಲಿ ಬದುಕುವುದಕ್ಕಿಂತ ಸುಲಭ. ಆದ್ದರಿಂದ ಇಲ್ಲಿ ಕೆಳಗಿನ ಮೆಟ್ಟಿಲು ದೊಡ್ಡ ಅಂಕಿ: ‘ವಿ ಕ್ಯಾನಾಟ್ ಮ್ಯಾನೇಜ್ ಆನ್ ಟ್ವೆಂಟಿ ಥೌಸಂಡ್, ಲೆಟ್ ಅಲೋನ್ ಟೆನ್.’ ಸಾಲ ಕೊಡುವವನ ವಾಕ್ಯದಲ್ಲಿ ಅದೇ ಅಂಕಿಗಳು ಮತ್ತೆ ತಿರುಗಿ ನಿಲ್ಲುತ್ತವೆ: ‘ಹೀ ವಿಲ್ ನಾಟ್ ಲೆಂಡ್ ಟೆನ್ ಥೌಸಂಡ್, ಲೆಟ್ ಅಲೋನ್ ಟ್ವೆಂಟಿ.’ ಅಂಕಿಯನ್ನು ನೋಡಬೇಡಿ, ಯಾವುದು ಸುಲಭ ಎಂದು ನೋಡಿ.

ಹಂತ 3: ಕನ್ನಡದ ಸರಣಿಯನ್ನು ಮಗುಚಿ ಹಾಕಿ

ಈಗ ಮುಖ್ಯ ವಿಷಯಕ್ಕೆ ಬರೋಣ. ಈ ಎರಡು ವಾಕ್ಯಗಳನ್ನು ಒಂದರ ಕೆಳಗೊಂದು ಬರೆದು ನೋಡಿ.

ಅವನಿಗೆ ಕಾರು ಓಡಿಸುವುದಿರಲಿ, ಸೈಕಲ್ ತುಳಿಯಲೂ ಬಾರದು.
ಹೀ ಕ್ಯಾನಾಟ್ ರೈಡ್ ಎ ಬೈಸಿಕಲ್, ಲೆಟ್ ಅಲೋನ್ ಡ್ರೈವ್ ಎ ಕಾರ್.

ಕನ್ನಡದಲ್ಲಿ ಕಾರು ಮೊದಲು ಬಂದಿದೆ, ಇಂಗ್ಲಿಷಿನಲ್ಲಿ ಸೈಕಲ್ ಮೊದಲು ಬಂದಿದೆ. ಕನ್ನಡದಲ್ಲಿ ಮೇಲಿನ ಮೆಟ್ಟಿಲನ್ನು ‘ಇರಲಿ’ ಎಂದು ಮೊದಲೇ ಪಕ್ಕಕ್ಕೆ ಸರಿಸಿ, ಕೆಳಗಿನ ಮೆಟ್ಟಿಲಿಗೆ ‘ಊ’ ಹಚ್ಚಿ, ಕೊನೆಯಲ್ಲಿ ‘ಇಲ್ಲ’, ‘ಬಾರದು’, ‘ಆಗದು’ ಎಂದು ಮುಗಿಸುತ್ತೇವೆ. ನಮ್ಮ ಕ್ರಿಯಾಪದ ವಾಕ್ಯದ ತುದಿಯಲ್ಲಿ ಇರುವುದರಿಂದ ನಿಷೇಧವೂ ತುದಿಯಲ್ಲೇ ಬೀಳುತ್ತದೆ. ಆ ಪೆಟ್ಟು ಯಾವುದರ ಮೇಲೆ ಬೀಳಬೇಕೋ ಅದನ್ನು ಅದರ ಹತ್ತಿರವೇ ಇರಿಸಿಕೊಳ್ಳುತ್ತೇವೆ. ಇಂಗ್ಲಿಷಿನಲ್ಲಿ ‘ನಾಟ್’ ವಾಕ್ಯದ ಆರಂಭದಲ್ಲೇ ಬಂದುಬಿಡುವುದರಿಂದ, ಅಲ್ಲಗಳೆಯಬೇಕಾದದ್ದು ಅದರ ಬೆನ್ನಿಗೇ ಬರುತ್ತದೆ, ಪಕ್ಕಕ್ಕೆ ಸರಿಸಬೇಕಾದದ್ದು ಬಾಲವಾಗಿ ಉಳಿಯುತ್ತದೆ.

‘ಇರಲಿ’ ಎಂಬುದಕ್ಕೆ ‘ಲೆಟ್ ಅಲೋನ್’ ಸಮ ಎಂದು ಉರುಹೊಡೆದವರು ಪದವನ್ನು ಮಾತ್ರ ಬದಲಿಸಿ ಸ್ಥಾನವನ್ನು ಹಾಗೇ ಉಳಿಸಿಕೊಳ್ಳುತ್ತಾರೆ. ಆಗ ‘ಹೀ ಕ್ಯಾನಾಟ್ ಡ್ರೈವ್ ಎ ಕಾರ್, ಲೆಟ್ ಅಲೋನ್ ರೈಡ್ ಎ ಬೈಸಿಕಲ್’ ಎಂಬ ವಾಕ್ಯ ಹುಟ್ಟುತ್ತದೆ. ವ್ಯಾಕರಣದ ದೃಷ್ಟಿಯಿಂದ ಇದರಲ್ಲಿ ದೋಷವೇ ಇಲ್ಲ, ಆದ್ದರಿಂದ ಕಂಪ್ಯೂಟರಿನ ಕೆಂಪು ಗೆರೆಯೂ ಬೀಳದೆ ಹೋಗಬಹುದು. ಆದರೆ ಸೈಕಲ್ ತುಳಿಯುವುದು ಕಾರು ಓಡಿಸುವುದಕ್ಕಿಂತ ದೊಡ್ಡ ವಿದ್ಯೆ ಎಂದು ಅದು ಹೇಳುತ್ತದೆ. ಇಂತಹ ತಪ್ಪಿನ ಅಪಾಯವೇ ಇದು: ಬರೆದವರ ಕಣ್ಣಿಗೆ ಕಾಣುವುದಿಲ್ಲ, ಓದಿದವರಿಗೆ ನಗು ಬರುತ್ತದೆ.

ಪೆನ್ಸಿಲನ್ನು ಇಲ್ಲಿ ಕೈಗೆ ತೆಗೆದುಕೊಳ್ಳಿ. ನಮ್ಮ ಜಿಲ್ಲೆಯ ವಾಕ್ಯವನ್ನೇ ತೆಗೆದುಕೊಳ್ಳೋಣ: ‘ಈ ವರ್ಷ ಭತ್ತಕ್ಕಿರಲಿ, ರಾಗಿಗೂ ನೀರು ಸಾಲದು.’ ‘ಇರಲಿ’ ಅಂಟಿಕೊಂಡಿರುವ ಪದದ ಕೆಳಗೆ ಗೆರೆ ಎಳೆದು 2 ಎಂದು ಬರೆಯಿರಿ, ಅದು ಭತ್ತ. ‘ಊ’ ಅಥವಾ ‘ಕೂಡ’ ಅಂಟಿಕೊಂಡಿರುವ ಪದದ ಕೆಳಗೆ ಗೆರೆ ಎಳೆದು 1 ಎಂದು ಬರೆಯಿರಿ, ಅದು ರಾಗಿ. ಈಗ ಕನ್ನಡ ವಾಕ್ಯವನ್ನು ಕೈಯಿಂದ ಮುಚ್ಚಿ, ಅಂಕಿಯ ಪ್ರಕಾರ ಇಂಗ್ಲಿಷ್ ಬರೆಯಿರಿ. ‘ದೇರ್ ಈಸ್ ನಾಟ್ ಇನಫ್ ವಾಟರ್ ಫಾರ್ ರಾಗಿ, ಲೆಟ್ ಅಲೋನ್ ಫಾರ್ ಪ್ಯಾಡಿ.’ ಭತ್ತಕ್ಕೆ ರಾಗಿಗಿಂತ ಹೆಚ್ಚು ನೀರು ಬೇಕು ಎಂಬ ತಿಳಿವಳಿಕೆ ವಾಕ್ಯದೊಳಗೆ ಎಲ್ಲೂ ಇಲ್ಲ; ಅದು ನಾಲೆಯ ಬದಿಯಲ್ಲಿ ಬೆಳೆದ ನಿಮ್ಮ ತಲೆಯೊಳಗಿದೆ. ಈ ನುಡಿಗಟ್ಟು ಓದುಗನ ಲೋಕಜ್ಞಾನವನ್ನೇ ನಂಬಿ ನಿಂತಿರುತ್ತದೆ. ಆದ್ದರಿಂದಲೇ ಪರಿಚಯವಿಲ್ಲದ ವಿಷಯದ ಇಂಗ್ಲಿಷ್ ಲೇಖನದಲ್ಲಿ ಇದು ಎದುರಾದಾಗ, ‘ಲೆಟ್ ಅಲೋನ್’ ಆದ ಮೇಲೆ ಬಂದದ್ದೇ ಕಷ್ಟದ್ದು, ದೊಡ್ಡದ್ದು ಎಂದು ವಾಕ್ಯದಿಂದಲೇ ಕಲಿತುಕೊಳ್ಳಬಹುದು.

ಅಂಕಿ ಹಾಕುವ ವ್ಯವಧಾನ ಪರೀಕ್ಷೆಯ ಕೊಠಡಿಯಲ್ಲಿ ಎಲ್ಲರಿಗೂ ಇರುವುದಿಲ್ಲ. ಅಂಥವರಿಗೆ ಇನ್ನೊಂದು ದಾರಿಯಿದೆ, ಮತ್ತು ನನ್ನ ಮಟ್ಟಿಗೆ ಅದೇ ಹೆಚ್ಚು ಸಹಜವಾದದ್ದು. ಕನ್ನಡದಲ್ಲೇ ಇದನ್ನು ಹೇಳುವ ಎರಡನೆಯ ಕ್ರಮವೊಂದಿದೆ: ‘ಅವನಿಗೆ ಸೈಕಲ್ಲೇ ಬಾರದು, ಇನ್ನು ಕಾರಿನ ಮಾತೆಲ್ಲಿ?’ ಇದರಲ್ಲಿ ಸೈಕಲ್ ಮೊದಲು, ಕಾರು ಆಮೇಲೆ, ನಡುವೆ ‘ಇನ್ನು’. ಇಂಗ್ಲಿಷಿನ ಸರಣಿ ಅಚ್ಚುಕಟ್ಟಾಗಿ ಸಿಕ್ಕಿತು. ‘ಅಟ್ಟ ಹತ್ತಲಾರದವನು ಬೆಟ್ಟ ಹತ್ತಿಯಾನೇ’ ಎಂಬ ಗಾದೆಯೂ ಇದೇ ಅಚ್ಚಿನದು, ಅಟ್ಟ ಮೊದಲು, ಬೆಟ್ಟ ಆಮೇಲೆ. ಆದ್ದರಿಂದ ‘ಇರಲಿ’ ವಾಕ್ಯ ಮನಸ್ಸಿಗೆ ಬಂದ ಕೂಡಲೇ ಅದನ್ನು ಇಂಗ್ಲಿಷಿಗೆ ತಿರುಗಿಸಲು ಹೋಗದೆ, ಮೊದಲು ಕನ್ನಡದಲ್ಲೇ ‘ಇನ್ನು’ ವಾಕ್ಯವಾಗಿ ಮಾಡಿಕೊಳ್ಳಿ. ಆಮೇಲೆ ‘ಇನ್ನು’ ಇದ್ದಲ್ಲಿ ‘ಲೆಟ್ ಅಲೋನ್’ ಕೂರಿಸಿ, ಕೊನೆಯ ‘ಮಾತೆಲ್ಲಿ’, ‘ಪಾಡೇನು’ ಎಂಬ ಪ್ರಶ್ನೆಯನ್ನು ಬಿಟ್ಟುಬಿಡಿ. ವಾರವೊಂದು ಅಭ್ಯಾಸವಾದರೆ ತಲೆಯೊಳಗೇ ಇದು ನಡೆದುಹೋಗುತ್ತದೆ.

ಸಂಸ್ಕೃತ ಓದಿದವರಿಗೆ ಈ ಹೊತ್ತಿಗೆ ಕೈಮುತಿಕ ನ್ಯಾಯ ನೆನಪಾಗಿರಬೇಕು. ‘ಕಿಮುತ’, ಅಂದರೆ ‘ಇನ್ನು ಹೇಳುವುದೇನಿದೆ’ ಎಂಬ ಮಾತಿನಿಂದ ಬಂದ ಹೆಸರದು. ನೆನಪಾದದ್ದು ಸರಿಯೇ, ಆದರೆ ಅದನ್ನು ಹಾಗೆಯೇ ಹಿಡಿದುಕೊಂಡು ಮುಂದೆ ಹೋದರೆ ಒಂದು ಗುಂಡಿ ಇದೆ.

ಹಂತ 4: ವಾಕ್ಯದಲ್ಲಿ ‘ಇಲ್ಲ’ ಎಲ್ಲಿದೆ ಎಂದು ಹುಡುಕಿ

ಕೈಮುತಿಕ ನ್ಯಾಯದ ಜೊತೆಗೆ ಹೇಳುವ ದಂಡಾಪೂಪ ನ್ಯಾಯದಲ್ಲಿ ಇಲಿ ಕೋಲನ್ನೇ ತಿಂದುಹಾಕಿರುತ್ತದೆ, ಇನ್ನು ಆ ಕೋಲಿಗೆ ಸಿಕ್ಕಿಸಿಟ್ಟ ಅಪೂಪ, ಅಂದರೆ ಕಜ್ಜಾಯ, ಉಳಿದೀತೇ ಎಂಬುದು ಅಲ್ಲಿನ ತರ್ಕ. ಇದು ‘ಹೌದು’ ಎನ್ನುವ ವಾಕ್ಯ: ಕಷ್ಟದ್ದು ನಡೆದಿದೆ, ಆದ್ದರಿಂದ ಸುಲಭದ್ದೂ ನಡೆದಿದೆ. ಈ ತರ್ಕಕ್ಕೆ ‘ಲೆಟ್ ಅಲೋನ್’ ಹೊಂದುವುದಿಲ್ಲ. ಅದಕ್ಕೆ ನಿಷೇಧ ಬೇಕು. ಇಂತಹ ಪದಗಳನ್ನು ‘ನೆಗೆಟಿವ್ ಪೊಲಾರಿಟಿ’ ಪದಗಳೆನ್ನುತ್ತಾರೆ. ನಿಷೇಧದ ನೆರಳಿನಲ್ಲಿ ಮಾತ್ರ ಬದುಕುವ ಪದಗಳು ಎಂದು ತಿಳಿದುಕೊಳ್ಳಿ. ನಮ್ಮ ‘ಸುತರಾಂ’ ಹಾಗಿನದೇ. ‘ಸುತರಾಂ ಒಪ್ಪುವುದಿಲ್ಲ’ ಎನ್ನುತ್ತೇವೆ, ‘ಸುತರಾಂ ಒಪ್ಪುತ್ತೇನೆ’ ಎಂದರೆ ಕಿವಿ ಮುಚ್ಚಿಕೊಳ್ಳಬೇಕು. ‘ಅವರಿಗೆ ಮೂರು ಮನೆಗಳಿವೆ, ಕಾರುಗಳ ಮಾತು ಬೇರೆ’ ಎಂಬುದಕ್ಕೆ ‘ಲೆಟ್ ಅಲೋನ್’ ಹಾಕಬೇಡಿ. ಅಲ್ಲಿ ಬೇಕಾದದ್ದು ‘ನಾಟ್ ಟು ಮೆನ್ಷನ್’, ಅದು ‘ಹೌದು’ ವಾಕ್ಯದಲ್ಲೂ ನಡೆಯುತ್ತದೆ.

ನಿಷೇಧ ಎಂದರೆ ‘ನಾಟ್’ ಮಾತ್ರವಲ್ಲ. ಇಂಗ್ಲಿಷಿನಲ್ಲಿ ಅದು ವೇಷ ಮರೆಸಿಕೊಂಡು ಬರುತ್ತದೆ, ಮತ್ತು ಗಡಿಬಿಡಿಯಲ್ಲಿ ಓದುವವರು ಎಡವುವುದು ಇಲ್ಲಿಯೇ. ‘ಹಾರ್ಡ್ಲಿ’, ‘ಬೇರ್ಲಿ’, ‘ಸ್ಕೇರ್ಸ್ಲಿ’ ಎಂಬ ಮೂರೂ ‘ಇಲ್ಲವೆನ್ನುವಷ್ಟು ಕಡಿಮೆ’ ಎಂಬರ್ಥದ ಪದಗಳು. ‘ಫ್ಯೂ’ ಎಂದರೆ ‘ಕೆಲವರು’ ಎಂದಲ್ಲ, ‘ಹೆಚ್ಚು ಮಂದಿ ಇಲ್ಲ’ ಎಂದು. ಕೆಲವರು ಎನ್ನಲು ‘ಎ ಫ್ಯೂ’ ಎನ್ನಬೇಕು. ‘ವಿದೌಟ್’ ಒಳಗೂ ‘ಇಲ್ಲದೆ’ ಇದೆ. ‘ಟೂ ಟೈರ್ಡ್ ಟು ಸಿಟ್ ಅಪ್’ ಎಂದರೆ ಎದ್ದು ಕೂರಲಾರದಷ್ಟು ದಣಿವು, ಅಂದರೆ ಕೂರಲಿಲ್ಲ ಎಂದೇ ಅರ್ಥ. ‘ಐ ಡೌಟ್’, ‘ರೆಫ್ಯೂಸ್ಡ್’ ಕೂಡ ಇದೇ ಬಳಗ. ‘ಆಫ್ಟರ್ ದ ಪ್ಯಾಡಿ ಟ್ರಾನ್ಸ್‌ಪ್ಲಾಂಟಿಂಗ್, ಶೀ ವಾಸ್ ಟೂ ಟೈರ್ಡ್ ಟು ಈಟ್, ಲೆಟ್ ಅಲೋನ್ ಕುಕ್’ ಎಂಬ ವಾಕ್ಯದಲ್ಲಿ ‘ನಾಟ್’ ಎಲ್ಲೂ ಇಲ್ಲ. ಆದರೂ ನಾಟಿ ಮುಗಿಸಿ ಬಂದ ಆ ಹೆಂಗಸು ಅಡುಗೆ ಮಾಡುವುದಿರಲಿ, ಊಟವನ್ನೂ ಮಾಡಲಾರದಷ್ಟು ಸೋತಿದ್ದಳು ಎಂದು ಓದಿಕೊಳ್ಳಬೇಕು.

ಹಂತ 5: ಎರಡೂ ಕಡೆಯ ರೂಪ ಒಂದೇ ಆಗಿರಲಿ

ತಕ್ಕಡಿಯ ಎರಡು ತಟ್ಟೆಗಳಂತೆ ‘ಲೆಟ್ ಅಲೋನ್’ನ ಎರಡೂ ಕಡೆ ಒಂದೇ ಜಾತಿಯ ಪದ ಇರಬೇಕು. ಎಡಗಡೆ ನಾಮಪದವಿದ್ದರೆ ಬಲಗಡೆಯೂ ನಾಮಪದ. ಎಡಗಡೆ ಕ್ರಿಯಾಪದವಿದ್ದರೆ ಬಲಗಡೆಯೂ ಕ್ರಿಯಾಪದ, ಅದೂ ಅದೇ ರೂಪದಲ್ಲಿ.

ಕನ್ನಡಿಗರು ಇಲ್ಲಿ ಮಾಡುವ ತಪ್ಪಿಗೆ ಸ್ಪಷ್ಟವಾದ ಕಾರಣವಿದೆ. ‘ಬರುವುದಿರಲಿ, ಉತ್ತರವನ್ನೂ ಕೊಡಲಿಲ್ಲ’ ಎನ್ನುವಾಗ ‘ಬರುವುದು’ ಎಂಬ ರೂಪ ನಮ್ಮ ಮನಸ್ಸಿನಲ್ಲಿರುತ್ತದೆ, ‘ಬರುವುದು’ ಎಂದರೆ ‘ಕಮಿಂಗ್’ ಎಂದು ನಾವು ಕಲಿತಿದ್ದೇವೆ. ಹೀಗಾಗಿ ‘ಹೀ ಡಿಡ್ ನಾಟ್ ರಿಪ್ಲೈ, ಲೆಟ್ ಅಲೋನ್ ಕಮಿಂಗ್’ ಎಂದು ಬರೆದುಬಿಡುತ್ತೇವೆ. ಎಡಗಡೆ ‘ಡಿಡ್ ನಾಟ್’ ಆದ ಮೇಲೆ ‘ರಿಪ್ಲೈ’ ಎಂಬ ಮೂಲರೂಪವಿದೆ, ಆದ್ದರಿಂದ ಬಲಗಡೆಯೂ ‘ಕಮ್’ ಎಂಬ ಮೂಲರೂಪವೇ ಬೇಕು. ಒಂದು ಪರೀಕ್ಷೆ ಹೇಳುತ್ತೇನೆ: ಬಲಗಡೆಯ ಕ್ರಿಯಾಪದವನ್ನು ಎತ್ತಿ ಎಡಗಡೆಯದರ ಜಾಗದಲ್ಲಿ ಇಟ್ಟು ಓದಿ. ‘ಹೀ ಡಿಡ್ ನಾಟ್ ಕಮ್’ ಸರಿಯಾಗಿದೆ, ‘ಹೀ ಡಿಡ್ ನಾಟ್ ಕಮಿಂಗ್’ ಸರಿಯಿಲ್ಲ. ಅಷ್ಟೇ.

ಇದೇ ಪರೀಕ್ಷೆಯಿಂದ ಉಳಿದವೂ ಇತ್ಯರ್ಥವಾಗುತ್ತವೆ. ‘ಐ ಹ್ಯಾವ್ ನಾಟ್ ಸೀನ್ ದ ನೋಟಿಸ್, ಲೆಟ್ ಅಲೋನ್ ಸೈನ್ಡ್ ಇಟ್’ ಎನ್ನುವಲ್ಲಿ ‘ಹ್ಯಾವ್’ ಇರುವುದರಿಂದ ‘ಸೈನ್’ ಅಲ್ಲ, ‘ಸೈನ್ಡ್’. ‘ಹೀ ಲೆಫ್ಟ್ ವಿದೌಟ್ ಗ್ರೀಟಿಂಗ್ ಅಸ್, ಲೆಟ್ ಅಲೋನ್ ಹ್ಯಾವಿಂಗ್ ಕಾಫಿ’ ಎನ್ನುವಲ್ಲಿ ಮಾತ್ರ ‘ಇಂಗ್’ ರೂಪ ಸರಿ, ಏಕೆಂದರೆ ‘ವಿದೌಟ್’ ಆದ ಮೇಲೆ ಬರುವುದೇ ಆ ರೂಪ.

ಹಂತ 6: ಅಲ್ಪವಿರಾಮ, ಸ್ಥಾನ, ಎರಡನೆಯ ‘ಇಲ್ಲ’

ಇದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ‘ಲೆಟ್ ಅಲೋನ್’ಗೆ ಮೊದಲು ಅಲ್ಪವಿರಾಮ ಹಾಕಿ, ಆಮೇಲೆ ಹಾಕಬೇಡಿ. ವಾಕ್ಯದ ಆರಂಭದಲ್ಲಿ ಅದನ್ನು ಇಡಬೇಡಿ. ‘ಲೆಟ್ ಅಲೋನ್ ಕಾರ್, ಹೀ ಕ್ಯಾನಾಟ್...’ ಎಂದು ಶುರುವಾಗುವ ವಾಕ್ಯ ಇಂಗ್ಲಿಷ್ ಅಕ್ಷರ ತೊಟ್ಟ ಕನ್ನಡವೇ ಹೊರತು ಬೇರೆಯಲ್ಲ. ‘ಲೆಟ್ ಅಲೋನ್’ ಆದ ಮೇಲೆ ಮತ್ತೊಂದು ‘ನಾಟ್’ ಬೇಡ, ಮೊದಲಿನ ನಿಷೇಧವೇ ಎರಡೂ ಕಡೆಗೆ ಸಾಕಾಗುತ್ತದೆ. ಕರ್ತೃಪದದ ಬೆನ್ನಿಗೇ ಬಂದರೆ ಎರಡೂ ಕಡೆ ಅಲ್ಪವಿರಾಮವಿಟ್ಟು ಸುತ್ತುವರಿಯಬೇಕು, ಮತ್ತು ಕ್ರಿಯಾಪದ ಮೊದಲ ಕರ್ತೃವನ್ನೇ ಅನುಸರಿಸುತ್ತದೆ: ‘ನೋಬಡಿ ಇನ್ ದ ವಿಲೇಜ್, ಲೆಟ್ ಅಲೋನ್ ಔಟ್‌ಸೈಡರ್ಸ್, ನೋಸ್ ದಿಸ್ ಪಾತ್.’ ಹೊರಗಿನವರು ಬಹುವಚನವಾದರೂ ‘ನೋಬಡಿ’ ಏಕವಚನವಾದ್ದರಿಂದ ‘ನೋಸ್’ ಬಂದಿದೆ.

ಹಂತ 7: ನೆಂಟರನ್ನೂ ವೇಷಧಾರಿಗಳನ್ನೂ ಗುರುತಿಸಿ

ನಮ್ಮಲ್ಲಿ ಬಹಳ ಮಂದಿ ‘ಲೆಟ್ ಅಲೋನ್’ ಬದಲಿಗೆ ‘ಲೀವ್ ಅಲೋನ್’ ಎನ್ನುತ್ತಾರೆ. ‘ಕಾರು ಬಿಡಿ, ಸೈಕಲ್ಲೂ ಬಾರದು’ ಎಂಬ ನಮ್ಮ ‘ಬಿಡಿ’ಯೇ ‘ಲೀವ್’ ಆಗಿ ಹೋಗಿದೆ ಎಂದು ನನ್ನ ಎಣಿಕೆ. ಭಾರತದ ಇಂಗ್ಲಿಷಿನಲ್ಲಿ, ಓದಿದವರ ಬರಹದಲ್ಲೂ ಇದು ಎಷ್ಟು ಬೇರೂರಿದೆ ಎಂದರೆ ತಪ್ಪು ಎಂದು ಗದರಲು ನನಗೆ ಮನಸ್ಸಿಲ್ಲ. ಆದರೆ ತಪ್ಪು ಗುರುತಿಸುವ ಪ್ರಶ್ನೆಯಲ್ಲಿ ‘ಲೀವ್ ಅಲೋನ್’ ಕಂಡರೆ ಅದಕ್ಕೇ ಗುರುತು ಹಾಕಿ, ಹೊರದೇಶಕ್ಕೆ ಕಳುಹಿಸುವ ಪತ್ರದಲ್ಲಿ ಅದನ್ನು ಬಳಸಬೇಡಿ. ‘ಯೆಟ್ ಅಲೋನ್’ ಎಂಬುದೂ ಅಲ್ಲಲ್ಲಿ ಕಾಣುತ್ತದೆ. ಅದು ಕಿವಿಯ ತಪ್ಪು, ಯಾವ ದೇಶದಲ್ಲೂ ಸರಿಯಲ್ಲ.

‘ಮಚ್ ಲೆಸ್’ ಎಂಬುದು ‘ಲೆಟ್ ಅಲೋನ್’ನ ಗಂಭೀರ ಸ್ವಭಾವದ ಅಣ್ಣ. ತೀರ್ಪು, ವರದಿ, ಅರ್ಜಿಗಳ ಭಾಷೆಗೆ ಅದು ಹೆಚ್ಚು ಒಗ್ಗುತ್ತದೆ, ನಿಯಮಗಳೆಲ್ಲ ಮೇಲೆ ಹೇಳಿದವೇ. ಪದಕ್ಕೆ ಪದ ಇಟ್ಟರೆ ಅದು ‘ಹೆಚ್ಚು ಕಡಿಮೆ’ ಎಂದಾಗುತ್ತದೆ ಎಂಬುದೊಂದು ತಮಾಷೆ, ನಮ್ಮ ‘ಹೆಚ್ಚು ಕಡಿಮೆ’ಗೂ ಅದಕ್ಕೂ ಸಂಬಂಧವೇ ಇಲ್ಲ. ‘ದಿಸ್ ಕಾಸ್ಟ್ಸ್ ಮಚ್ ಲೆಸ್’ ಎಂಬಲ್ಲಿ ಅದು ‘ಬಹಳ ಕಡಿಮೆ’ ಎಂಬ ನೇರ ಅರ್ಥದಲ್ಲಿರುತ್ತದೆ. ಹಿಂದೆ ನಿಷೇಧವೂ ಅಲ್ಪವಿರಾಮವೂ ಇದ್ದಾಗ ಮಾತ್ರ ಅದನ್ನು ‘ಇರಲಿ’ ಎಂದು ಓದಿ. ‘ನೆವರ್ ಮೈಂಡ್’ ಎಂಬುದನ್ನು ಬ್ರಿಟಿಷರು ಆಡುಮಾತಿನಲ್ಲಿ ಇದೇ ಕೆಲಸಕ್ಕೆ ಬಳಸುತ್ತಾರೆ. ಕೇಳಿದಾಗ ತಿಳಿದರೆ ಸಾಕು, ಬರವಣಿಗೆಗೆ ತರಬೇಡಿ. ಇನ್ನು ‘ಅಟ್ ಆಲ್’ ಬಗ್ಗೆ ಕೇಳುವವರಿಗೆ ಒಂದೇ ಮಾತು: ಅದು ‘ಎಳ್ಳಷ್ಟೂ’, ‘ಏನೇನೂ’ ಎಂಬಂತೆ ಒಂದೇ ಸಂಗತಿಯ ನಿಷೇಧವನ್ನು ಬಿಗಿ ಮಾಡುತ್ತದೆ, ಹೋಲಿಸಲು ಎರಡನೆಯ ಮೆಟ್ಟಿಲನ್ನು ಕೇಳುವುದಿಲ್ಲ.

ಹಂತ 8: ಕೈಯಾರೆ ಮಾಡಿ ನೋಡಿ

ಕೆಳಗಿನ ಮೂರು ವಾಕ್ಯಗಳನ್ನು ನೋಟ್‌ಪುಸ್ತಕಕ್ಕೆ ಇಳಿಸಿಕೊಂಡು, ಮುಂದೆ ಓದುವ ಮೊದಲು ನಿಮ್ಮ ಇಂಗ್ಲಿಷ್ ವಾಕ್ಯವನ್ನು ಬರೆದುಬಿಡಿ.

ಒಂದು: ಆಲೆಮನೆಯವರು ಬೆಲ್ಲವನ್ನು ಅಚ್ಚಿಗೆ ಹಾಕುವುದಿರಲಿ, ಕಬ್ಬನ್ನೂ ಅರೆದಿಲ್ಲ.
ಎರಡು: ಒಂದು ಗಂಟೆ ಇರಲಿ, ಎರಡು ಗಂಟೆಯಲ್ಲೂ ಈ ಬಸ್ಸು ಬೆಂಗಳೂರು ಮುಟ್ಟುವುದಿಲ್ಲ.
ಮೂರು: ಒಂದು ಮುದ್ದೆ ಮುಗಿಸುವುದೇ ಅವನಿಗೆ ಕಷ್ಟವಾಯಿತು, ಇನ್ನು ಎರಡನೆಯದೆಲ್ಲಿ?

ಮೊದಲನೆಯದರಲ್ಲಿ ಮೆಟ್ಟಿಲುಗಳೆಂದರೆ ಕೆಲಸದ ಹಂತಗಳು. ಕಬ್ಬು ಅರೆದು, ಹಾಲು ಕಾಯಿಸಿ, ಆಮೇಲೆ ಅಚ್ಚಿಗೆ ಹಾಕಬೇಕಾದ್ದರಿಂದ ಅರೆಯುವುದು ಕೆಳಗಿನ ಮೆಟ್ಟಿಲು: ‘ದೇ ಹ್ಯಾವ್ ನಾಟ್ ಕ್ರಶ್ಡ್ ದ ಕೇನ್, ಲೆಟ್ ಅಲೋನ್ ಮೋಲ್ಡೆಡ್ ದ ಜ್ಯಾಗರಿ.’ ‘ಮೋಲ್ಡಿಂಗ್’ ಎಂದು ಬರೆದಿದ್ದರೆ ಐದನೆಯ ಹಂತಕ್ಕೆ ಹಿಂದಿರುಗಿ. ಎರಡನೆಯದು ಅಂಕಿಯ ಬಲೆ. ಎರಡು ಗಂಟೆಯಲ್ಲಿ ತಲುಪುವುದೇ ಸುಲಭದ್ದಾದ್ದರಿಂದ ದೊಡ್ಡ ಅಂಕಿ ಮೊದಲು ಬರಬೇಕು: ‘ದಿಸ್ ಬಸ್ ವಿಲ್ ನಾಟ್ ರೀಚ್ ಬೆಂಗಳೂರು ಇನ್ ಟೂ ಅವರ್ಸ್, ಲೆಟ್ ಅಲೋನ್ ಒನ್.’ ಮೂರನೆಯದರಲ್ಲಿ ‘ಇನ್ನು’ ಇರುವುದರಿಂದ ಸರಣಿಯನ್ನು ಮಗುಚುವ ಅಗತ್ಯವಿಲ್ಲ, ಮತ್ತು ಕನ್ನಡದಲ್ಲೂ ‘ಇಲ್ಲ’ ಎಂಬ ಪದ ಕಾಣಿಸದ ಕಾರಣ ಇಂಗ್ಲಿಷಿನಲ್ಲೂ ‘ನಾಟ್’ ಬೇಕಾಗಿಲ್ಲ: ‘ಹೀ ಕುಡ್ ಹಾರ್ಡ್ಲಿ ಫಿನಿಶ್ ಒನ್ ಮುದ್ದೆ, ಲೆಟ್ ಅಲೋನ್ ಎ ಸೆಕೆಂಡ್.’